ಗೋಡೆಯಾಚೆಯ ವಿಳಾಸ

ವರ್ಲೀನ್ ಚಮಚದಿಂದ ಹಿತ್ತಿಲ ಗೋಡೆಗೆ ಮೂರು ಸಲ ಬಡಿದಳು. ಆಚೆಯಿಂದ ಸದ್ದಿಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಇವಳು ಬಡಿದರೆ, ಡೊರೇಥಾ ತಾನು ಊರಿ ನಡೆಯುವ ವಾಕರಿನ ಕಾಲನ್ನು ನೆಲಕ್ಕೆ ಕುಟ್ಟಿ ಮಾರುತ್ತರ ಕೊಡುತ್ತಿದ್ದಳು. ಆಮೇಲೆ ಅವಳ ಮುಖ ಗೋಡೆಯ ಮೇಲಿಂದ ಮೂಡುತ್ತಿತ್ತು, ಗೋಡೆಗಿಂತ ಎತ್ತರದ ಹೆಂಗಸು. ಇವಳು ಸ್ಟೂಲು ಹತ್ತಿ ಮುಖ ತೋರಿಸುತ್ತಿದ್ದಳು. ಇಬ್ಬರೂ ಕಾಫಿ ಮುಗಿಯುವ ತನಕ ಲೋಕವನ್ನೆಲ್ಲ ಆಡಿಕೊಳ್ಳುತ್ತಿದ್ದರು. ಹದಿನಾಲ್ಕು ತಿಂಗಳಿಂದ ಒಂದು ದಿನವೂ ತಪ್ಪಿರಲಿಲ್ಲ.

ವರ್ಲೀನ್ ಮತ್ತೆ ಬಡಿದಳು. ತಡೆಯಲಾರದೆ ಸ್ಟೂಲು ಹತ್ತಿ ಇಣುಕಿದಳು. ವಾಕರ್ ಮಗುಚಿಕೊಂಡಿತ್ತು. ಡೊರೇಥಾ ಸಿಮೆಂಟು ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಕಣ್ಣು ಮುಚ್ಚಿತ್ತು, ಬೆರಳುಗಳು ಮಾತ್ರ ಅಲುಗುತ್ತಿದ್ದವು. ಬಿಸಿಲು ಅವಳ ಪಾದದವರೆಗೆ ಬಂದಾಗಿತ್ತು. ಜುಲೈ ತಿಂಗಳಲ್ಲಿ ಅರಿಜೋನಾದ ಮರುಭೂಮಿಯಲ್ಲಿ ಬಿಸಿಲು ಬಿದ್ದ ಸಿಮೆಂಟಿನ ಮೇಲೆ ಬೆಕ್ಕು ಕೂಡ ಕಾಲಿಡುವುದಿಲ್ಲ. ಇನ್ನರ್ಧ ಗಂಟೆಯಲ್ಲಿ ಆ ಬಿಸಿಲು ಅವಳ ಮೈಯೆಲ್ಲ ಆವರಿಸುತ್ತದೆ. ವರ್ಲೀನ್ ಹೆಸರು ಹಿಡಿದು ಕೂಗಿದಳು, ಡೊರೇಥಾ ಕಣ್ಣು ತೆರೆಯಲಿಲ್ಲ. ವರ್ಲೀನ್ ತುರ್ತು ಸೇವೆಗೆ ಫೋನ್ ಮಾಡಿದಳು.

"ವಿಳಾಸ ಹೇಳಿ ಅಮ್ಮಾ," ಅಂದಿತು ಹೆಣ್ಣುದನಿ.

"ನನ್ನ ಗೆಳತಿ ಬಿದ್ದಿದ್ದಾಳೆ, ಎಚ್ಚರ ಇಲ್ಲ. ಮೈಮೇಲೆ ಬಿಸಿಲು ಬರ್ತಾ ಇದೆ!"

"ಸರಿ ಅಮ್ಮಾ. ಅವರ ಮನೆ ಯಾವ ರಸ್ತೇಲಿದೆ? ನಂಬರೆಷ್ಟು?"

ವರ್ಲೀನಳಿಗೆ ಡೊರೇಥಾಳ ಯಾವ ಮಂಡಿ ನೋಯುತ್ತದೆ, ಸತ್ತ ಗಂಡ ಹೇಗೆ ಗೊರಕೆ ಹೊಡೆಯುತ್ತಿದ್ದ, ಕಾಫಿಗೆ ಎಷ್ಟು ದಾಲ್ಚಿನ್ನಿ ಬೇಕು, ಎಲ್ಲ ಗೊತ್ತು. ಮನೆ ಯಾವ ರಸ್ತೆಗೆ ಮುಖ ಮಾಡಿದೆ ಅಂತ ಗೊತ್ತಿಲ್ಲ. ಅದರ ಮುಂಬಾಗಿಲನ್ನು ಅವಳು ಕಂಡೇ ಇರಲಿಲ್ಲ. ಈ ಕಡೆಯದು ಒಬ್ಬರು ಕಟ್ಟಿದ ನಿವೃತ್ತರ ಬಡಾವಣೆ, ಆ ಕಡೆಯದು ಇನ್ನೊಬ್ಬರದು. ಎಂಟು ಇಂಚು ದಪ್ಪದ ಗೋಡೆಯಾಚೆ ಹೋಗಲು ಜಿಲೇಬಿಯಂಥ ರಸ್ತೆಗಳನ್ನು ಸುತ್ತಿ, ಗೇಟು ದಾಟಿ, ಹೆದ್ದಾರಿ ಹಿಡಿದು, ಕಾರ್ಡಿಲ್ಲದೆ ತೆರೆಯದ ಇನ್ನೊಂದು ಗೇಟಿಗೆ ಹೋಗಬೇಕು. ಒಟ್ಟು ಮೂರು ಮೈಲಿ. ಕಣ್ಣು ಮಂಜಾದ ಮೇಲೆ ವರ್ಲೀನಳಿಗೆ ಕಾರಿಲ್ಲ. ಇರುವುದೊಂದು ಬಡಾವಣೆಯೊಳಗೆ ಓಡಾಡುವ ಬ್ಯಾಟರಿಯ ಗಾಲ್ಫ್ ಗಾಡಿ, ಅದನ್ನು ಹೆದ್ದಾರಿಗೆ ಬಿಡುವುದಿಲ್ಲ.

"ಅಮ್ಮಾ? ಕೇಳಿಸ್ತಿದೆಯಾ?"

"ಅವಳ ಮನೆ ಗೋಡೆ ಆಚೆ ಇದೆ ಕಣಮ್ಮಾ! ಅಷ್ಟೇ ನನಗೆ ಗೊತ್ತಿರೋದು. ನನ್ನ ಮನೆಗೇ ಬನ್ನಿ. ಹನ್ನೊಂದು, ಕ್ವೇಲ್ ಸರ್ಕಲ್. ಏಣಿ ತನ್ನಿ!"

ಸುಮ್ಮನೆ ಕಾಯುವುದು ಅವಳಿಂದಾಗಲಿಲ್ಲ. ಗಿಡಕ್ಕೆ ನೀರು ಬಿಡುವ ಪೈಪು ಎಳೆದು ತಂದಳು. ಬಿಸಿಲಿಗೆ ಪೈಪಿನೊಳಗೆ ನಿಂತ ನೀರು ಕುದಿಯುತ್ತಿರುತ್ತದೆ. ಅದನ್ನು ಮೊದಲು ಈಚೆಯೇ ಹರಿಯಬಿಟ್ಟು, ತಣ್ಣಗಾದ ಮೇಲೆ ಸ್ಟೂಲು ಹತ್ತಿ ಡೊರೇಥಾಳ ಸುತ್ತಲಿನ ನೆಲಕ್ಕೆ ಚಿಮ್ಮಿಸತೊಡಗಿದಳು. ಕೈ ಸೋತು ಬರುತ್ತಿತ್ತು. ಹಿಂದೆ ಯಾರೋ ಕೆಮ್ಮಿದರು. ಬಡಾವಣೆ ಕಮಿಟಿಯ ಹ್ಯಾಸ್ಕೆಲ್, ಗಾಲ್ಫ್ ಗಾಡಿಯಿಂದ ಇಳಿದು ಬಂದು ಸೊಂಟಕ್ಕೆ ಕೈಯಿಟ್ಟು ನಿಂತಿದ್ದ.

"ಇವತ್ತು ಮಂಗಳವಾರ, ವರ್ಲೀನ್. ನಿಮ್ಮ ಬೀದಿಯವರು ಗಿಡಕ್ಕೆ ನೀರು ಹಾಕೋ ದಿನ ಅಲ್ಲ."

"ಇಲ್ಲಿ ಹತ್ತಿ ನೋಡು, ಹ್ಯಾಸ್ಕೆಲ್. ನೋಡಿ ಆಮೇಲೆ ಮಾತಾಡು."

ಅವನು ಹತ್ತಿ ನೋಡಿದ. ಇಳಿದವನು ನಲ್ಲಿಯನ್ನು ಪೂರ್ತಿ ತೆರೆದ.

ಅಗ್ನಿಶಾಮಕದವರು ಬಂದರು, ಹಿಂದೆಯೇ ಆಂಬುಲೆನ್ಸು ಬಂತು. ಇಬ್ಬರು ಏಣಿ ಹಾಕಿ ಆಚೆ ಧುಮುಕಿ ಡೊರೇಥಾಳನ್ನು ನೆರಳಿಗೆ ಸರಿಸಿದರು. "ಉಸಿರಿದೆ! ಸೊಂಟ ಮುರಿದಿದೆ, ಮೈ ಕೆಂಡ ಆಗಿದೆ. ಬೇಗ ಸಾಗಿಸ್ಬೇಕು," ಎಂದು ಒಬ್ಬ ಕೂಗಿದ. ಈಚೆಯಿದ್ದ ಅವರ ನಾಯಕ ಹ್ಯಾಸ್ಕೆಲ್ ಕಡೆ ತಿರುಗಿದ.

"ಆಂಬುಲೆನ್ಸು ಸುತ್ತು ಹಾಕಿ ಆ ಕಡೆ ಹೋಗೋಕೆ ಎಷ್ಟು ಹೊತ್ತಾಗುತ್ತೆ ಸಾರ್?"

"ಆ ಗೇಟಿನ ಕಾರ್ಡು ಸಿಕ್ಕರೆ... ಹದಿನೈದು ನಿಮಿಷ."

ನಾಯಕ ತಮ್ಮ ಅಗ್ನಿಶಾಮಕ ಲಾರಿಯಿಂದ ದೊಡ್ಡ ಸುತ್ತಿಗೆ ತರಿಸಿದ. ಹ್ಯಾಸ್ಕೆಲ್ ಅಡ್ಡ ಬಂದ. "ತಡೀರಿ ತಡೀರಿ. ಗೋಡೆ ಮುಟ್ಟೋಕೆ ಕಮಿಟಿಗೆ ಅರ್ಜಿ ಕೊಡಬೇಕು."

"ಪುಟ್ಟದೊಂದು ಬಾಗಿಲು ಇಡಿಸಿ ಅಂತ ಎರಡು ಸಲ ಕೊಟ್ಟಿದ್ದೀನಿ," ಅಂದಳು ವರ್ಲೀನ್. "ಹೊರಗಿನವರ ಓಡಾಟ ಜಾಸ್ತಿಯಾಗುತ್ತೆ ಅಂತ ನೀನೇ ಸಹಿ ಹಾಕಿ ವಾಪಸ್ ಕಳಿಸಿದ್ದೆ. ಫೈಲಲ್ಲಿರುತ್ತೆ, ತೆಗೆದು ನೋಡ್ಕೋ."

ಹ್ಯಾಸ್ಕೆಲ್ ಪಕ್ಕಕ್ಕೆ ಸರಿದ. ಗೋಡೆ ಐದು ನಿಮಿಷವೂ ತಾಳಲಿಲ್ಲ. ಇಟ್ಟಿಗೆಯ ಧೂಳಿನ ನಡುವಿನಿಂದ ಸ್ಟ್ರೆಚರ್ ಈಚೆ ಬಂತು. ಹಣೆಗೆ ಒದ್ದೆ ಬಟ್ಟೆ, ತೋಳಿಗೆ ಸೂಜಿ. ವರ್ಲೀನ್ ಅದರ ಪಕ್ಕದಲ್ಲೇ ಓಡೋಡುತ್ತ ಬಂದಳು. ಆಂಬುಲೆನ್ಸಿನ ಬಾಗಿಲ ಬಳಿ ಡೊರೇಥಾ ಕಣ್ಣು ತೆರೆದಳು. ಗೆಳತಿಯನ್ನು ನೆತ್ತಿಯಿಂದ ಚಪ್ಪಲಿಯವರೆಗೆ ನಿಧಾನವಾಗಿ ನೋಡಿದಳು. ಒಣಗಿದ ತುಟಿ ಅಲುಗಿತು.

"ಇಷ್ಟು ಕುಳ್ಳೀನೇನೇ ನೀನು? ಇಷ್ಟು ದಿನ ಯಾವುದರ ಮೇಲೆ ನಿಂತಿದ್ದೆ, ಮಾರಾಯ್ತಿ?"