ಗುರುಸಿದ್ದವ್ವನ ಕುಣಿ

ಗುರುಸಿದ್ದವ್ವ ತೀರಿಕೊಂಡ ದಿನ, ಕುಣಿ ತೋಡುವ ಫಕೀರಪ್ಪ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಅವಳ ಮಗ ಮಹಾರುದ್ರಪ್ಪನಿಗೂ ಕೇಳಿದ್ದ: "ಅವ್ವಾರು ಶುಗರಿನ ಗುಳಿಗಿ ತಗೋತಿದ್ರೇನ್ರಿ?"

ಆ ಗುಳಿಗೆ ಸಕ್ಕರೆಯನ್ನು ಇಳಿಸುತ್ತಿತ್ತು, ಜೊತೆಗೆ ಬೆಳವಣಿಗೆಯ ಹಾರ್ಮೋನನ್ನು ಎಬ್ಬಿಸುತ್ತಿತ್ತು. ನುಂಗಿದವರು ಸತ್ತ ಮೇಲೂ ಬೆಳೆಯುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಹೆಣವನ್ನು ಕೂರಿಸಿ ಹೂಳುವ ಅವರ ಜನ ಅಂಥವರಿಗೆ ಎರಡಾಳು ಆಳದ ಕುಣಿ ತೋಡಿಸುತ್ತಿದ್ದರು.

ಆದರೆ ಮಹಾರುದ್ರಪ್ಪನ ಮಗಳು ಶಿವಲೀಲಾಳನ್ನು ಒಪ್ಪಿದ್ದ ಬೀಗರೂ ಅಂದು ಮಣ್ಣಿಗೆ ಬಂದಿದ್ದರು. ಸಕ್ಕರೆ ಕಾಯಿಲೆಯ ಮನೆತನವೆಂದು ತಿಳಿದರೆ ಸಂಬಂಧ ಮುರಿಯುತ್ತಿತ್ತು.

"ಇಲ್ಲಪ್ಪಾ, ನಮ್ಮವ್ವಗ ಶುಗರ್ ಇರಲಿಲ್ಲ," ಎಂದುಬಿಟ್ಟ ಮಹಾರುದ್ರಪ್ಪ. ಫಕೀರಪ್ಪ ಒಂದೇ ಆಳು ಆಳದ ಕುಣಿ ತೋಡಿದ.

ಮದುವೆಯಾದ ಮೇಲೆ ಹೊಸ ಜೋಡಿಯನ್ನು ಬೀಗರೊಡನೆ ಅಜ್ಜಿಯ ಕುಣಿಗೆ ಕಾಯಿ ಒಡೆಯಲು ಕರೆತಂದರು. ಮಣ್ಣು ಉಬ್ಬಿ ಬಿರುಕು ಬಿಟ್ಟಿತ್ತು. ಬಿರುಕಿನೊಳಗಿಂದ ಬೆಳ್ಳನೆಯ ಕೂದಲು ಹೊರಬಂದು ಗಾಳಿಗೆ ಅಲುಗುತ್ತಿತ್ತು.

"ಹೋದ ವಾರಾನೂ ಮಣ್ಣ ಹಾಕೀನ್ರಿ," ಎಂದು ಫಕೀರಪ್ಪ ಮೆಲ್ಲಗೆ ಹೇಳಿದ.

ಮಹಾರುದ್ರಪ್ಪ ಶಲ್ಯ ತೆಗೆದು ಅದನ್ನು ಮುಚ್ಚಲು ಬಗ್ಗಿದ. "ಹುಲ್ರೀ ಬೀಗತ್ಯಾರ," ಎಂದ. "ಬ್ಯಾಸಿಗಿಗೆ ಒಣಗೇತಿ."

ಅಳಿಯನ ತಾಯಿ ಅವನ ಕೈಯನ್ನು ಸರಿಸಿ ಕುಣಿಯ ಪಕ್ಕ ಕುಳಿತಳು. ಚೀಲದಿಂದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು, ಆ ಕೂದಲಿಗೆ ಬೈತಲೆ ತೆಗೆದು ಎಣ್ಣೆ ಹಚ್ಚತೊಡಗಿದಳು.

"ನಮ್ಮತ್ತೀನೂ ಹಿಂಗ ಮ್ಯಾಲ ಬಂದಾರ್ರಿ," ಎಂದಳು, ತಲೆಯೆತ್ತದೆ. "ದಿನಾ ಎಣ್ಣಿ ಹಚ್ಚಿ ಬಾಚಬೇಕು. ಇಲ್ಲಂದ್ರ ಹೆಸರ ಹಿಡದು ಕರೀತಾರ."