ಒಂದೇ ನೀಲಿ

ಮಂಡಿಯೂರಿ ಚಹಾ ನೀಡಿದ ಸೊಸೆ ಝೆಂಝಿಲೆಯ ಬಾಗಿದ ಮುಖವನ್ನು ಮುದುಕ ಗುಮೆಡೆ ದಿಟ್ಟಿಸಿದ. ಝುಲು ಮನೆಯಲ್ಲಿ ಸೊಸೆಯಾದವಳು ಮಾವನ ಮುಖ ನೋಡುವಂತಿಲ್ಲ. ಅವನಿಗೂ ಇಷ್ಟು ವರ್ಷ ಅವಳು ಸರಿಯಾಗಿ ಕಂಡಿರಲಿಲ್ಲ. ಜೋತುಬಿದ್ದ ರೆಪ್ಪೆಗಳು ಅವನ ಕಣ್ಣನ್ನು ಮುಚ್ಚಿದ್ದವು. ಮೊನ್ನೆಯಷ್ಟೇ ಆಸ್ಪತ್ರೆಯಲ್ಲಿ ಆ ರೆಪ್ಪೆಗಳನ್ನು ಕೊಯ್ದು, ಎತ್ತಿ ಹೊಲಿದಿದ್ದರು. ಈಗ ಅವಳ ಕಣ್ಣಿನ ಸುತ್ತ ನೀಲಿಗಟ್ಟಿದ್ದು ಅವನಿಗೆ ಕಂಡಿತು.

"ಕಣ್ಣಿಗೇನಾಯ್ತು?"

"ಬಾಗ್ಲು ತಾಗ್ತು, ಬಾಬಾ."

ಗುಮೆಡೆ ತನ್ನ ಊದಿದ ರೆಪ್ಪೆಯನ್ನು ಮುಟ್ಟಿಕೊಂಡ. ಬೆಳಿಗ್ಗೆ ಕನ್ನಡಿಯಲ್ಲಿ ಕಂಡದ್ದೂ ಇದೇ ನೀಲಿ.

"ನಂದೂ ಹಿಂಗೇ ನೀಲಿಗಟ್ಟಿದೆ. ಆದ್ರೆ ಡಾಕ್ಟ್ರು ನನ್ನ ಕೇಳಿ ಕತ್ತಿ ಹಾಕಿದ್ರು. ನಿನ್ನ ಯಾರು ಕೇಳಿದ್ರು?"

ಅಂಗಳದಲ್ಲಿ ಅವನ ಮಗ, ಝೆಂಝಿಲೆಯ ಗಂಡ ಲಂಗಾ ಶಿಳ್ಳೆ ಹಾಕುತ್ತಿದ್ದ. ಶಿಳ್ಳೆ ಕೇಳಿ ಝೆಂಝಿಲೆ ತಲೆಯನ್ನು ಇನ್ನಷ್ಟು ಬಾಗಿಸಿದಳು.

"ನೀನು ಹಿಂಗೆ ತಲೆ ಬಗ್ಗಿಸೋದನ್ನ ಮರ್ಯಾದೆ ಅಂದ್ಕೊಂಡಿದ್ದೆ ನಾನು," ಎಂದ ಗುಮೆಡೆ. "ಸಾಕು. ತಲೆ ಎತ್ತು, ತಾಯಿ."

ಝೆಂಝಿಲೆ ತಲೆ ಎತ್ತಿ, ಮೊದಲ ಬಾರಿಗೆ, ಮಾವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.