ಮೊದಲು ನಮ್ಮವರ ಗಾಜು

ಮೂತ್ರಚೀಲದ ಗಡ್ಡೆ ಸೌಮ್ಯವೋ ಉಗ್ರವೋ ಎಂದು ತಪಾಸಣೆಯ ಯಂತ್ರಕ್ಕೆ ಅನುಮಾನ ಬಂದರೆ ಅದರ ತುಣುಕು ಅಂಟಿಸಿದ ಗಾಜಿನ ಪಟ್ಟಿ ನಮ್ಮ ಕೋಣೆಗೆ ಬರುತ್ತದೆ. ಅದೇ ರೋಗಕ್ಕೆ ಮನೆಯವರನ್ನು ಕಳೆದುಕೊಂಡವರೇ ಕೊನೆಯ ಮಾತು ಹೇಳಬೇಕೆಂಬುದು ಕಾನೂನು. ಆದರೆ ನಮಗೆ ಎಲ್ಲ ಗಾಜಿನಲ್ಲೂ ಉಗ್ರವೇ ಕಾಣುತ್ತದೆ. ಹಾಗಾಗಿ ಮೊದಲು ತೀರಿಹೋದ ನಮ್ಮವರ ಗಾಜನ್ನು ನೋಡಿ, ಆಮೇಲೆ ಬೇರೆಯವರದನ್ನು ನೋಡುವುದು ಪದ್ಧತಿ.

ಇವತ್ತು ಬಂದವರು ಗುಳೇದಗುಡ್ಡದಲ್ಲಿ ನೂಲಿಗೆ ಬಣ್ಣ ಹಾಕುವ ಸಂಗನಬಸಪ್ಪ. ಉಗ್ರವೆಂದರೆ ನಾಳೆಯೇ ಅವರ ಮೂತ್ರಚೀಲ ತೆಗೆಯುತ್ತಾರೆ. ಅವಸರದಲ್ಲಿ ನಾನು ಅವರದನ್ನೇ ಮೊದಲು ನೋಡಿ, 'ಉಗ್ರ' ಎಂದು ಬರೆಯಲು ಪೆನ್ನು ಎತ್ತಿದೆ.

"ನಿನ್ನ ಗಂಡಂದು ಇನ್ನಾ ನೋಡಿಲ್ಲಲ ತಂಗಿ," ಎಂದರು ಪಕ್ಕದ ಮೇಜಿನ ಜುಲೇಖಾ.

ನನ್ನ ಗಂಡ ಸುಧೀಂದ್ರನ ಗಾಜನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ಊದಿಕೊಂಡ, ಕಪ್ಪಾದ ಜೀವಕೋಶಗಳು ಸಾಲು ಮುರಿದು ಒಂದರ ಮೇಲೊಂದು ನುಗ್ಗಿದ್ದವು. ಆಮೇಲೆ ಸಂಗನಬಸಪ್ಪನವರದು. ಕೋಶಗಳು ತುಸು ದಪ್ಪಗಿದ್ದರೂ ಸಾಲು ಬಿಟ್ಟಿರಲಿಲ್ಲ. ನಾನು ಹೆದರಿ ಕಂಡದ್ದು ಅಲ್ಲಿ ಇರಲಿಲ್ಲ.

ಎದುರು ಕೂತ ಸಂಗನಬಸಪ್ಪನವರೂ ಪರದೆಯಲ್ಲಿ ಬಣ್ಣ ಹಾಕಿದ ಕೋಶಗಳನ್ನು ನೋಡುತ್ತಿದ್ದರು. "ನೇರಳಿ ಬಣ್ಣ ಚಲೋ ಹಿಡದೈತ್ರಿ," ಎಂದರು. "ಚೀಲ ಉಳೀತೈತೇನ್ರಿ ಅಕ್ಕಾರ?"

"ಉಳೀತೈತ್ರಿ. ಸೌಮ್ಯದ್ದದು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕಷ್ಟ."

ಅವರು ನೀಲಿ ಹತ್ತಿದ ಕೈಗಳಿಂದ ಮುಖ ಮುಚ್ಚಿಕೊಂಡರು. ಆಮೇಲೆ ಮೆಲ್ಲಗೆ ಎದ್ದರು.

"ಹಂಗಾರ ಒಂದಕ್ಕ ಹೋಗಿ ಬರ್ತೀನ್ರಿ. ಇದ ಕಡೀ ಸಲ ಆದೀತು ಅಂತ ಹೆದರಿ, ಮುಂಜಾನಿಂದ ತಡಕೊಂಡು ಕುಂತೀನಿ."